ಮಾವನ ಮನೆಯ ಹಲಸು

ಅಳಿಲಿನ ಮರಿಯ ಹಿಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೂತು ಕೀವು ತುಂಬಿತ್ತು. ವೈದ್ಯ ಮರಕುಟಿಗ ನೋಡಿ ಹೇಳಿದ: "ನಾಳೆ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಕರೆದುಕೊಂಡು ಬಾರಮ್ಮ. ನಿದ್ದೆಯ ಮದ್ದು ಕೊಟ್ಟು ಮುಳ್ಳು ಕೀಳುತ್ತೇನೆ, ಸಂಜೆಗೆ ಮನೆಗೆ ಹೋಗಬಹುದು. ಮಗುವಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳು."

ಹೇಳಿದರೆ ಹೆದರುತ್ತದೆ ಎಂದುಕೊಂಡಳು ತಾಯಿ. "ಸೋದರಮಾವ ಹಲಸಿನ ಹಣ್ಣು ಕೊಯ್ದಿದ್ದಾನಂತೆ ಕಂದಾ. ಹೊಟ್ಟೆ ಖಾಲಿ ಇಟ್ಟುಕೊಂಡರೆ ಜಾಸ್ತಿ ತಿನ್ನಬಹುದು" ಎಂದಳು. ಮರಿ ಒಂದು ಕಾಳನ್ನೂ ಮುಟ್ಟದೆ, ಬೆಳಗಾಗುತ್ತಲೇ ಕುಂಟಿಕೊಂಡು ಮುಂದೆ ಮುಂದೆ ಓಡಿತು. ತನ್ನ ಜಾಣತನಕ್ಕೆ ತಾಯಿ ತಾನೇ ಬೀಗಿದಳು.

ಮುಳ್ಳು ಸಲೀಸಾಗಿ ಬಂತು. ಎಚ್ಚರವಾದ ಮರಿ ಕಟ್ಟು ಹಾಕಿದ ಕಾಲನ್ನು ನೋಡಿತು, ತಾಯಿಯನ್ನು ನೋಡಿತು. ಅಳಲಿಲ್ಲ. "ಮಾವ ಎಲ್ಲಿ?" ಎಂದಷ್ಟೇ ಕೇಳಿತು.

ಎಂಟು ದಿನಕ್ಕೆ ಗಾಯ ಒಣಗಿತು. ಒಂಬತ್ತನೆಯ ದಿನ ಸೋದರಮಾವ ನಿಜವಾಗಿಯೂ ಬಾಗಿಲಿಗೆ ಬಂದು, "ಹಲಸು ಹಣ್ಣಾಗಿದೆ, ಬಾರೋ ಅಳಿಯಾ" ಎಂದು ಕರೆದ.

"ಹೋಗೋಣ ಬಾ ಕಂದಾ" ಎಂದಳು ತಾಯಿ.

ಮರಿ ಪೊಟರೆಯ ಮೂಲೆಗೆ ಸರಿದು, ನಾಲ್ಕೂ ಕಾಲುಗಳನ್ನು ಹೊಟ್ಟೆಯಡಿ ಬಚ್ಚಿಟ್ಟುಕೊಂಡು ಕೇಳಿತು: "ಅಮ್ಮಾ, ಈ ಸಲ ಯಾವ ಕಾಲು?"