ಬಾಳಪ್ಪನ ಗೇರ್ ಸೈಕಲ್ಲು

ಹತ್ತಿರ ಸರಿದು ಕೂಡ್ರಿ. ನಗು ಬಂದವರು ತಡೀಬ್ಯಾಡ್ರಿ, ತಡೆದರೆ ಹೊಟ್ಟೆ ನೋಯ್ತದ.

ಒಂದು ದಿಬ್ಬ. ದಿಬ್ಬದ ಕೆಳಗೊಂದು ಊರು, ಮೇಲೊಂದು ಹಾಸ್ಟೆಲ್ಲು. ಊರಿನಲ್ಲಿ ಫಕೀರವ್ವ ಅಂತ ಒಬ್ಬಾಕೆ ಗರಿಗರಿ ಒಣಗಿದ ಜೋಳದ ಕಟಿ ರೊಟ್ಟಿ ಬಡಿದು ಹಾಸ್ಟೆಲ್ಲಿಗೆ ಕಳಿಸುತ್ತಿದ್ದಳು. ಆಕೆಗೊಬ್ಬ ಮಗ, ಬಾಳಪ್ಪ. ಆಳು ನೋಡಿದರೆ ಬಾಗಿಲೆತ್ತರ, ಬುದ್ಧಿ ಮಾತ್ರ ಹೊಸ್ತಿಲ ಮಟ್ಟ. ಹೇಳಿದ್ದು ಹೇಳಿದಂಗೇ ಮಾಡೋನು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. "ಯಪ್ಪಾ, ಇವನ್ನ ಕಟ್ಕೊಂಡು ಹೆಂಗ ಬಾಳೇ ಮಾಡ್ಲಿ!" ಅಂತ ಫಕೀರವ್ವ ದಿನಾ ಹಣೆ ಚಚ್ಚಿಕೊಳ್ಳೋಳು.

ರೊಟ್ಟಿ ಹೊರುತ್ತಿದ್ದ ಸೈಕಲ್ಲು ಹಳೇದು. ದಿಬ್ಬ ಹತ್ತದು. ಬಾಳಪ್ಪ ಅದನ್ನ ನೂಕಿಕೊಂಡು ಹೋಗೋದು, ರೊಟ್ಟಿ ತಡ ಆಗೋದು. ಹಾಸ್ಟೆಲ್ಲು ನೋಡಿಕೊಳ್ಳೋ ಗಂಗಾಬಾಯಿ ಅಕ್ಕೋರು ಕಡೆಗೆ ಹೇಳಿಯೇಬಿಟ್ಟರು: "ಫಕೀರವ್ವ, ಇದೊಂದು ವಾರ ನೋಡ್ತೀನಿ. ಊಟದ ಹೊತ್ತಿಗೆ ರೊಟ್ಟಿ ಬರಲಿಲ್ಲಂದ್ರ ಬ್ಯಾರೇದವ್ರಿಗೆ ಹೇಳ್ತೀನಿ!"

ಫಕೀರವ್ವನಿಗೆ ಇದ್ದದ್ದು ಅದೊಂದೇ ದುಡಿಮೆ. ಹೊಸ ಸೈಕಲ್ಲು ಎಲ್ಲಿಂದ ತರಬೇಕು? ಸೈಕಲ್ ಅಂಗಡಿ ಮೌಲಾಸಾಬ ಒಳ್ಳೆಯವನು. ಗುಜರಿ ರಾಶಿ ಕೆದರಿ ಏಳು ಹಲ್ಲುಚಕ್ರದ ಹಳೇ ಗೇರು ಹುಡುಕಿ ಹಿಂದಿನ ಗಾಲಿಗೆ ಕೂಡಿಸಿಕೊಟ್ಟ. ಕೇಬಲ್ ಒಂದೇ ಹೊಸದು.

ಸೋಮವಾರ ಬಾಳಪ್ಪ ಹೊರಟ. ದಿಬ್ಬದ ಬುಡದಲ್ಲಿ ಗೇರು ಬದಲಿಸಿದ. ಚೈನು ದಿಬ್ಬಕ್ಕೆ ಬೇಕಾದ ದೊಡ್ಡ ಹಲ್ಲುಚಕ್ರಕ್ಕೆ ಏರಲೇ ಇಲ್ಲ! ಮತ್ತೆ ನೂಕಿದ, ಮತ್ತೆ ತಡ.

ಮೌಲಾಸಾಬ ನೋಡಿದ. "ಹೊಸ ಕೇಬಲ್ ಎಳದು ಸಡ್ಲಾಗೇದ." ಕೇಬಲ್ಲಿನ ತುದಿಯಲ್ಲಿದ್ದ ತಿರುಪನ್ನ ತೋರಿಸಿಕೊಟ್ಟ.

"ತಿಳೀತಿಲ್ಲೋ ಪೆದ್ದ?" ಅಂದಳು ಅವ್ವ. "ಸಡ್ಲ ಕಂಡ್ರ ಬಿಗಿ ಮಾಡ್ಬೇಕು!"

"ಹೂಂ ಯವ್ವಾ. ಸಡ್ಲ ಕಂಡ್ರ ಬಿಗಿ ಮಾಡ್ಬೇಕು."

ಮಂಗಳವಾರ ದಾರಿಯಲ್ಲಿ ರೊಟ್ಟಿ ಗಂಟು ಸಡ್ಲ ಕಂಡಿತು. ಬಿಡ್ತಾನೇನು? ಗಂಟಿನ ಮೇಲೆ ಮೊಣಕಾಲು ಊರಿದ, ಹಗ್ಗ ಹಿಡಿದು ಜಗ್ಗಿದ. ಕಟಕ್! ಮತ್ತೆ ಜಗ್ಗಿದ. ಕಟಕ್! ಕಟಕ್! ಹಾಸ್ಟೆಲ್ಲಿನಲ್ಲಿ ಗಂಟು ಬಿಚ್ಚಿದರೆ ರೊಟ್ಟಿ ಎಲ್ಲಿ? ಬರೀ ಪುಡಿ. ಹುಡುಗರು ಚಮಚ ಕೇಳಿದರು.

"ಅಯ್ಯ ನನ್ನ ಕರ್ಮವೇ!" ಅಂದಳು ಅವ್ವ. "ಒಮ್ಮೆಲೇ ಬಿಗಿ ಮಾಡ್ತಾರೇನೋ?"

ಮೌಲಾಸಾಬನೂ ಅಂದ: "ಅರ್ಧ ಸುತ್ತು ತಿರುವ್ಬೇಕಪ್ಪ, ನೋಡ್ಬೇಕು. ಮತ್ತ ಅರ್ಧ ಸುತ್ತು, ಮತ್ತ ನೋಡ್ಬೇಕು."

"ಹೂಂ ಕಾಕಾ. ಅರ್ಧ ಸುತ್ತು, ನೋಡ್ಬೇಕು."

ಬುಧವಾರ ಬಾಳಪ್ಪ ಪೆಡಲನ್ನ ಅರ್ಧ ಸುತ್ತು ತುಳಿದ. ಇಳಿದ. ಗಾಲಿ ನೋಡಿದ. ಹತ್ತಿದ, ಅರ್ಧ ಸುತ್ತು ತುಳಿದ. ಇಳಿದ. ನೋಡಿದ. ಎಮ್ಮೆಗಳು ಇವನನ್ನ ದಾಟಿ ಹೋದವು. ಕುಂಟುತ್ತಿದ್ದ ಮುದುಕಿಯೂ ದಾಟಿ ಹೋದಳು! ಇವನು ಮುಟ್ಟೋ ಹೊತ್ತಿಗೆ ಹುಡುಗರು ಬರೀ ಅನ್ನ ಉಂಡು ತಾಟು ತೊಳೆದಿಟ್ಟಿದ್ದರು.

"ನೋಡ್ಕೋತ ನಿಂತ್ರ ಹೊಟ್ಟಿ ತುಂಬ್ತದೇನೋ!" ಅವ್ವ ಬೈದಳು. ಮೌಲಾಸಾಬ ತಲೆ ಕೆರೆದುಕೊಂಡ. "ನೋಡೋದು ಬ್ಯಾಡ ಬಿಡು. ಕಿವಿಗೊಟ್ಟು ಕೇಳು. ಸದ್ದಾತಂದ್ರ ಸದ್ದು ನಿಲ್ಲೋತನಕ ತಿರುವು."

"ಹೂಂ ಕಾಕಾ. ಸದ್ದು ನಿಲ್ಲೋತನಕ ತಿರುವ್ಬೇಕು."

ಗುರುವಾರ ಚೈನು ಕಟಕಟ ಅಂದಿತು. ಬಾಳಪ್ಪ ತಿರುಪು ತಿರುವಿದ. ಸದ್ದು ನಿಂತಿತು! ಚೈನು ದೊಡ್ಡ ಚಕ್ರ ಏರಿತು, ಸೈಕಲ್ಲು ದಿಬ್ಬ ಏರಿತು. ಊಟಕ್ಕೆ ಇನ್ನೂ ಹೊತ್ತಿದ್ದಂಗೇ ರೊಟ್ಟಿ ಒಳಗೆ! ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಊಟದ ಗಂಟೆ ಗಣ ಅಂದಿತು. ಸದ್ದು! ಬಾಳಪ್ಪ ಹಾರಿ ಹೋಗಿ ಗಂಟೆಯ ಹಗ್ಗ ಹಿಡಿದು ಕಂಬಕ್ಕೆ ತಿರುವಿದ, ತಿರುವಿದ, ಸದ್ದು ನಿಲ್ಲೋತನಕ ತಿರುವಿದ. ಗಂಟೆ ಕೇಳದ ಹುಡುಗರು ಪಾಠದ ಕೋಣೆಯಲ್ಲಿ ಹಸಿದು ಕೂತರು. ರೊಟ್ಟಿ ಇಲ್ಲಿ, ಹುಡುಗರು ಅಲ್ಲಿ!

"ನಾಳೆ ಒಂದ ದಿನ ಫಕೀರವ್ವ!" ಅಕ್ಕೋರು ಹೇಳಿ ಕಳಿಸಿದರು. "ನಾಳೆ ತಪ್ಪಿದ್ರ ಮುಗೀತು!"

ಫಕೀರವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೌಲಾಸಾಬನ ಮುಂದೆ ನಿಂತಳು. ಆತ ಸೈಕಲ್ಲು ಎತ್ತಿ ಹಿಡಿದು ಪೆಡಲು ತಿರುವಿ ನೋಡಿದ. "ಕೇಬಲ್ ಸರಿ ಕೂತದವ್ವ. ಬಾಳಪ್ಪ, ಇನ್ನ ತಿರುಪು ಮುಟ್ಟಬ್ಯಾಡ, ತಿರುವಬ್ಯಾಡ. ಒಂದ ಮಾತು ನೆನಪಿಡು: ತುಳಿಯೋದು ನಿಲ್ಲಿಸಬ್ಯಾಡ. ಗೇರು ಬದಲಿಸಿ ತುಳಕೋತ ಇದ್ರ ಚೈನು ತಾನ ಹತ್ತತದ."

"ಹೂಂ ಕಾಕಾ. ತುಳಿಯೋದು ನಿಲ್ಲಿಸಬಾರ್ದು."

ಶುಕ್ರವಾರ ಫಕೀರವ್ವ ತಾನೂ ಹಿಂದೆ ಹೊರಟಳು. ಮಗ ದಿಬ್ಬದ ಬುಡದಲ್ಲಿ ಗೇರು ಬದಲಿಸಿದ. ಚೈನು ಸದ್ದಿಲ್ಲದೆ ಏರಿತು. ಬಾಳಪ್ಪ ಸರಸರ ಹತ್ತಿಬಿಟ್ಟ! ತಾಯಿ ಜೀವಕ್ಕೆ ಎಷ್ಟು ಸಂತೋಷ ಆಯಿತೋ, ಏದುಸಿರಿನಲ್ಲೂ ನಕ್ಕಳು.

ಮೇಲೆ ಹೋಗಿ ನೋಡುತ್ತಾಳೆ, ಬಾಳಪ್ಪ ಹಾಸ್ಟೆಲ್ಲಿನ ಅಂಗಳದಲ್ಲಿ ಸುತ್ತುತ್ತಿದ್ದಾನೆ! ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು!

"ಏ, ನಿಲ್ಲೋ! ರೊಟ್ಟಿ ಇಳಸೋ!" ಅಂದರು ಅಕ್ಕೋರು.

"ತುಳಿಯೋದು ನಿಲ್ಲಿಸಬ್ಯಾಡ ಅಂದಾರ್ರೀ ಅಕ್ಕೋರ!"

ಫಕೀರವ್ವ ಕಣ್ಣು ಮುಚ್ಚಿಕೊಂಡಳು. ಹೋತು, ದುಡಿಮೆ ಹೋತು ಅಂದುಕೊಂಡಳು. ಆದರೆ ಕೇಕೆ ಕೇಳಿಸಿತು. ಕಣ್ಣು ತೆರೆದರೆ ಹುಡುಗರು ಸೈಕಲ್ಲಿನ ಹಿಂದೆ ಓಡುತ್ತಿದ್ದಾರೆ, ಗಂಟಿಗೆ ಕೈ ಹಾಕಿ ಒಂದೊಂದೇ ರೊಟ್ಟಿ ಎಳೆಯುತ್ತಿದ್ದಾರೆ. ಅರ್ಧ ರೊಟ್ಟಿಗೇ ಮುಖ ತಿರುಗಿಸುತ್ತಿದ್ದವರು ಎರಡೆರಡು ತಿಂದರು! ಅಕ್ಕೋರು ನಕ್ಕು ನಕ್ಕು ಕಂಬ ಹಿಡಿದು ಕೂತರು. "ರೊಟ್ಟಿ ನೀನ ಕಳಸು ಫಕೀರವ್ವ. ಇವನ ಕೈಯಾಗ ಕಳಸು!"

ಬಾಳಪ್ಪ ದಿಬ್ಬ ಇಳಿದ. ತುಳಿಯುತ್ತಲೇ ಇದ್ದ. ಫಕೀರವ್ವ ಬಂದು ನೋಡಿದರೆ ಮನೆಯ ಅಂಗಳದಲ್ಲೂ ಅದೇ ಸುತ್ತಾಟ. ನಾಳೆಗೆಂದು ಬೀಸಿಸಿ ತಂದಿಟ್ಟಿದ್ದ ಜೋಳದ ಹಿಟ್ಟು ಅಲ್ಲೇ ದೊಡ್ಡ ಬುಟ್ಟಿಯಲ್ಲಿತ್ತು.

"ಸಾಕೋ ನನ್ನಪ್ಪಾ! ತುಳಿಯೋದು ನಿಲ್ಸು!"

ನಿಲ್ಲಿಸಿದ. ಕೈ ಹ್ಯಾಂಡಲ್ ಮೇಲೆ, ಕಾಲೆರಡೂ ಪೆಡಲಿನ ಮೇಲೆ, ಹಂಗೇ ನಿಲ್ಲಿಸಿದ. ಸೈಕಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ದಬಕ್! ಸೈಕಲ್ಲು ನೆಲಕ್ಕೆ, ಬಾಳಪ್ಪ ಹಿಟ್ಟಿನ ಬುಟ್ಟಿಗೆ! ಹಿಟ್ಟಿನೊಳಗಿಂದ ಎರಡು ಕಣ್ಣು ಪಿಳಿಪಿಳಿ ಅಂದವು.

"ಕಾಲು ಊರೋದಲ್ಲೇನೋ ಮಬ್ಬ!"

"ತುಳಿಯೋದು ನಿಲ್ಸು ಅಂದಿ ಯವ್ವಾ. ಕಾಲು ಊರು ಅಂದ್ಯೇನು?"

ಫಕೀರವ್ವ ಬೈಯಲು ಬಾಯಿ ತೆರೆದಳು, ನಗು ಬಂದುಬಿಟ್ಟಿತು. ನಗುತ್ತಲೇ ಒಳಗೆ ಹೋಗಿ ಜರಡಿ ಹುಡುಕತೊಡಗಿದಳು.

ಕತೆ ಮುಗೀತು, ನಾವು ಏಳೋಣ. ಬಾಳಪ್ಪ ಮಾತ್ರ ಬುಟ್ಟಿಯಲ್ಲೇ ಕೂತಾನ. ಏಳು ಅಂತ ಅವನಿಗೆ ಯಾರೂ ಹೇಳಿಲ್ಲ.