ಮುಸುಕಿನ ನಾಣ್ಯದ ಪುಟವೂ ತುಂಬಿದ ಸಾರಿನ ಬಟ್ಟಲೂ

ಒಂದಾನೊಂದು ಊರಿನಲ್ಲಿ ಒಂದು ಪಂದ್ಯ ನಡೆಯಿತು. ಗೆದ್ದರೆ ಅರಮನೆಯ ಅಡುಗೆಮನೆಗೆ ವರ್ಷಪೂರ್ತಿ ಹುಣಸೆಹಣ್ಣು ಒದಗಿಸುವ ಗುತ್ತಿಗೆ. ಸೋತರೆ ಗೋದಾಮಿನಲ್ಲಿರುವ ಮುನ್ನೂರು ಚೀಲ ಹುಣಸೆಯೂ ಅರಮನೆಯ ಹಿತ್ತಾಳೆ ಪಾತ್ರೆ ತಿಕ್ಕುವುದಕ್ಕೆ, ಪುಕ್ಕಟೆ. ಪಂದ್ಯ ಕಟ್ಟಿದವನು ಮಟ್ಟಸೇನ ಮಹಾರಾಜ. ಒಪ್ಪಿದವರು ಹುಣಸೆ ವ್ಯಾಪಾರದ ಅಡಿವೆಪ್ಪ ಶೆಟ್ಟರು. ಕೆಲಸ ಇಷ್ಟೇ: ಒಂದು ಪುಟವನ್ನು ನೆಟ್ಟಗೆ ಬರೆಯಬೇಕು.

ಒಂದು ಪುಟಕ್ಕೆ ಮುನ್ನೂರು ಚೀಲವೇ ಎಂದು ಮೂಗು ಮುರಿಯಬೇಡಿ. ಆ ಊರನ್ನು ನೋಡದವರು ಹಾಗೆನ್ನುತ್ತಾರೆ.

ಇಡೀ ಊರು ಗುಡ್ಡದ ಓರೆಯ ಮೇಲಿತ್ತು. ಮಂಚಗಳಿಗೆ ಎರಡು ಕಾಲು ಉದ್ದ, ಎರಡು ಕಾಲು ಗಿಡ್ಡ. ಮೇಲಿನ ಕೇರಿಯಲ್ಲಿ ತಟ್ಟಿದ ರೊಟ್ಟಿ ಉರುಳಿಕೊಂಡು ಹೋಗಿ ಕೆಳಗಿನ ಕೇರಿಯವರ ತಟ್ಟೆಗೆ ಬೀಳುತ್ತಿತ್ತು. ಇದರಿಂದ ಬೇಸತ್ತು ಮೇಲಿನ ಕೇರಿಯವರು ರೊಟ್ಟಿ ಬಿಟ್ಟು ಮುದ್ದೆ ಮಾಡತೊಡಗಿದರು. ಮುದ್ದೆ ಇನ್ನೂ ಬೇಗ ಹೋಯಿತು.

ಅಂಥ ಊರಿನಲ್ಲಿ ಮಟ್ಟಸವಾಗಿದ್ದದ್ದು ಒಂದೇ ಒಂದು. ಅದು ಸರ್ವಕೋಶ. ರಾಶಿ ಮಾಡುವ ಕಣದಷ್ಟು ಅಗಲದ ಪುಸ್ತಕ, ಮಂಟಪದಲ್ಲಿ ನಾಲ್ಕು ಸರಪಳಿಗೆ ತೂಗುಹಾಕಿದ್ದರು. ಬದನೆಕಾಯಿಯಿಂದ ಬ್ರಹ್ಮಾಂಡದವರೆಗೆ ಲೋಕದಲ್ಲಿರುವ ಪ್ರತಿಯೊಂದಕ್ಕೂ ಅದರಲ್ಲಿ ಒಂದೊಂದು ಪುಟ. ಯಾರು ಬೇಕಾದರೂ ಬರಬಹುದು, ಬರೆಯಬಹುದು, ಬರೆದದ್ದನ್ನು ಅಳಿಸಬಹುದು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಪುಟ ಮಟ್ಟವಾಗಿ ನಿಲ್ಲುತ್ತಿತ್ತು. ಹೊಗಳಿ ಬರೆದರೆ ಪೂರ್ವಕ್ಕೆ ವಾಲುತ್ತಿತ್ತು, ತೆಗಳಿ ಬರೆದರೆ ಪಶ್ಚಿಮಕ್ಕೆ. ಮಾತಿಗೆ ತೂಕವಿದೆ ಎಂದು ಬೇರೆ ಊರಿನಲ್ಲಿ ಸುಮ್ಮನೆ ಹೇಳುತ್ತಾರೆ. ಅಲ್ಲಿ ನಿಜವಾಗಿಯೂ ಇತ್ತು.

ರಾಜ ಮಧ್ಯಾಹ್ನದ ಊಟ ಮಾಡುತ್ತಿದ್ದದ್ದು ಆ ಪುಸ್ತಕದ ಮೇಲೆ. ಬೇರೆಲ್ಲಿ ಇಟ್ಟರೂ ಸಾರು ಚೆಲ್ಲುತ್ತಿತ್ತಲ್ಲ. ಆ ಹೊತ್ತಿಗೆ ಯಾವ ಪುಟ ತೆರೆದಿರುತ್ತದೋ ಅದರ ಮೇಲೆ ಬಟ್ಟಲಿಟ್ಟು, ಓದುತ್ತ ಉಣ್ಣುವುದು. ಹಾಗಾಗಿ ಮಟ್ಟಸೇನನಿಗೆ ಎಲ್ಲದರ ಬಗ್ಗೆಯೂ ಒಂದು ಊಟದಷ್ಟು ಗೊತ್ತಿತ್ತು.

ಹೀಗಿರುವಾಗ ಊರಿಗೆ ಮುಸುಕಿನ ನಾಣ್ಯ ಬಂತು.

ಅದು ಮುಖದ ಮೇಲೆ ಮುಸುಕು ಹಾಕಿಕೊಂಡೇ ಹುಟ್ಟಿದ ನಾಣ್ಯ. ಸಂತೆಯಲ್ಲಿ ಎತ್ತು ಮಾರುವವರು ಹೆಗಲ ವಲ್ಲಿಯನ್ನು ಕೈಮೇಲೆ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ ನೋಡಿ, ಇದರದೂ ಅದೇ ರೀತಿ. ಒಂದು ವಲ್ಲಿಯ ಕೆಳಗೆ ಒಂದು ಹಿಂಡು ಕೈ ಹೋಗುತ್ತಿದ್ದವು, ಕೊಡುತ್ತಿದ್ದದ್ದು ಅದರಲ್ಲಿ ಒಂದೇ ಕೈ. ಯಾವ ಕೈ, ಯಾರಿಗೆ, ಎಷ್ಟು, ಒಂದೂ ಹೊರಗಿನವರಿಗೆ ಕಾಣುತ್ತಿರಲಿಲ್ಲ. ನಾಣ್ಯವನ್ನೇ ಹಿಡಿದು ಎಲ್ಲಿಂದ ಬಂದೆಯವ್ವಾ ಎಂದು ಕೇಳಿದರೆ, ಅದು ಮುಸುಕನ್ನು ಇನ್ನಷ್ಟು ಎಳೆದುಕೊಂಡು, ನನಗೂ ನೆನಪಿಲ್ಲಪ್ಪ ಎನ್ನುತ್ತಿತ್ತು. ನಿಜವಾಗಿಯೂ ಅದಕ್ಕೆ ನೆನಪಿರುತ್ತಿರಲಿಲ್ಲ.

ಸರ್ವಕೋಶದಲ್ಲಿ ಅದಕ್ಕೊಂದು ಪುಟವಾಯಿತು. ನಾಣ್ಯ ಬದಲಾಯಿಸುವ ಅಂಗಡಿಯ ಮಾನಪ್ಪ ಬೆಳಿಗ್ಗೆ ಬಂದು, ಮೂರು ಲೋಕದಲ್ಲಿ ಇಂಥ ನಾಣ್ಯವಿಲ್ಲ ಎಂದು ಬರೆದು ಹೋದ. ಪುಟ ಪೂರ್ವಕ್ಕೆ ವಾಲಿತು. ತಳವಾರ ಭರಮ ಬಂದು ಅದನ್ನು ಅಳಿಸಿ, ಇದನ್ನಿಟ್ಟುಕೊಂಡವರೆಲ್ಲ ಕಳ್ಳರು ಎಂದು ಬರೆದ. ಪಶ್ಚಿಮಕ್ಕೆ ವಾಲಿತು. ಮಾನಪ್ಪ ಮತ್ತೆ ಬಂದ. ಭರಮ ಮತ್ತೆ ಬಂದ. ಇಬ್ಬರೂ ಅದೇ ಪುಟವನ್ನು ತೆರೆದು ತೆರೆದು, ಪುಸ್ತಕಕ್ಕೆ ಅಲ್ಲೇ ತೆರೆದುಕೊಳ್ಳುವ ಚಟ ಹಿಡಿಯಿತು. ರಾಜ ಊಟಕ್ಕೆ ಕೂತಾಗಲೆಲ್ಲ ಅದೇ ಪುಟ. ಬಟ್ಟಲಿಟ್ಟರೆ ತೊಟ್ಟಿಲ ಹಾಗೆ ಜೀಕುತ್ತಿತ್ತು. ಸಾರು ಒಂದು ದಿನ ಬಲತೊಡೆಗೆ, ಒಂದು ದಿನ ಎಡತೊಡೆಗೆ.

ತೊಡೆ ಸುಟ್ಟುಕೊಂಡ ರಾಜ ಅರಮನೆಯಲ್ಲಿ ಸಾರು ಮಾಡುವುದನ್ನೇ ನಿಲ್ಲಿಸಿದ. ರಾಜ ಬಿಟ್ಟದ್ದನ್ನು ಪ್ರಜೆಗಳೂ ಬಿಟ್ಟರು. ಸಾರಿಲ್ಲದ ಊರಿನಲ್ಲಿ ಹುಣಸೆಹಣ್ಣು ಯಾರಿಗೆ ಬೇಕು? ಅಡಿವೆಪ್ಪ ಶೆಟ್ಟರ ಗೋದಾಮಿನಲ್ಲಿ ಮುನ್ನೂರು ಚೀಲ ಕೂತುಬಿಟ್ಟವು. ಹುಳಿ ಎಷ್ಟು ಏರಿತೆಂದರೆ ಶೆಟ್ಟರ ಮನೆಯ ಹಿತ್ತಾಳೆ ಕೊಡಗಳು ಬರೀ ಗಾಳಿಗೇ ಫಳಫಳ ಹೊಳೆಯತೊಡಗಿದವು. ಮಳೆಗಾಲಕ್ಕೆ ಮುಂಚೆ ಸರಕು ಹೋಗದಿದ್ದರೆ ಗೋದಾಮಿನ ಜೊತೆ ಶೆಟ್ಟರೂ ಮುಳುಗುವುದೇ.

ಅದಕ್ಕೇ ಅವರು ರಾಜನ ಹತ್ತಿರ ಹೋಗಿ ಪಂದ್ಯ ಒಪ್ಪಿದ್ದು. ಅಂಚಿನವರೆಗೆ ತುಂಬಿದ ಬಟ್ಟಲನ್ನು ಆ ಪುಟದ ಮೇಲಿಡಬೇಕು, ಒಂದು ತೊಟ್ಟೂ ಚೆಲ್ಲಬಾರದು. ಮೂರು ಸಲ ಪ್ರಯತ್ನ ಮಾಡಬಹುದು. ಮೂರನೆಯದೂ ತಪ್ಪಿದರೆ ಚೀಲಗಳು ಪಾತ್ರೆ ತಿಕ್ಕಲಿಕ್ಕೆ.

ಶೆಟ್ಟರಿಗೆ ಧೈರ್ಯವಿತ್ತು. ಜೀವಮಾನವೆಲ್ಲ ತಕ್ಕಡಿ ಹಿಡಿದವರಿಗೆ ಸಮ ಮಾಡುವುದು ಯಾವ ದೊಡ್ಡ ಮಾತು? ಮಾನಪ್ಪನದೊಂದು ಹೊಗಳಿಕೆ ಪೂರ್ವಕ್ಕೆ ಬರೆದರು, ಭರಮನದೊಂದು ಬೈಗುಳ ಪಶ್ಚಿಮಕ್ಕೆ ಬರೆದರು. ಹೊಗಳಿಕೆಗೊಂದು ಬೈಗುಳ, ಬೈಗುಳಕ್ಕೊಂದು ಹೊಗಳಿಕೆ. ಎರಡು ತುದಿಯೂ ಸಮ ನಿಂತವು. ಆದರೆ ಎರಡು ಕಡೆಯ ಭಾರಕ್ಕೆ ನಡುಭಾಗ ಕುಸಿದು ಬಾವಿಯಾಯಿತು. ಬಟ್ಟಲು ಬಾವಿಯ ತಳಕ್ಕೆ ಜಾರಿತು. ಇಬ್ಬರು ಆಳುಗಳು ಕಾಲು ಹಿಡಿದುಕೊಂಡು ರಾಜನನ್ನು ತಲೆಕೆಳಗಾಗಿ ಇಳಿಸಬೇಕಾಯಿತು. ಮೇಲೆ ಬಂದ ರಾಜ ಮೀಸೆ ಒರೆಸಿಕೊಂಡು, ಸಾರು ಚೆನ್ನಾಗಿತ್ತು, ನಾನು ಚೆನ್ನಾಗಿರಲಿಲ್ಲ ಎಂದ.

ಎರಡನೆಯ ಸಲ ಶೆಟ್ಟರು ಇನ್ನೊಂದು ದಾರಿ ಹಿಡಿದರು. ಜಗಳವೇ ಬೇಡವೆಂದು ಇದ್ದದ್ದನ್ನೆಲ್ಲ ಅಳಿಸಿಬಿಟ್ಟರು. ಪುಟ ಕನ್ನಡಿಯಷ್ಟು ಮಟ್ಟವಾಯಿತು. ಆದರೆ ಒಂದು ಅಕ್ಷರದ ಭಾರವೂ ಇಲ್ಲದ ಪುಟ ಪುಸ್ತಕದಲ್ಲಿ ಯಾಕೆ ನಿಲ್ಲಬೇಕು? ಅದು ಗಾಳಿಪಟದ ಹಾಗೆ ಮೇಲೆದ್ದು, ಬಟ್ಟಲನ್ನೂ ಹೊತ್ತುಕೊಂಡು ಗುಡ್ಡ ದಾಟಿ ಹೋಯಿತು. ಪಕ್ಕದ ರಾಜ್ಯದ ರಾಜ ಆ ದಿನ ಎರಡು ಬಟ್ಟಲು ಸಾರು ಉಂಡನಂತೆ. ಪುಟವನ್ನು ಹಿಡಿದು ತರುವಷ್ಟರಲ್ಲಿ ಸಂಜೆಯಾಗಿತ್ತು.

ಶೆಟ್ಟರು ಮನೆಗೆ ಬಂದು ಜಗಲಿಯ ಮೇಲೆ ಕೂತರು. ಹೆಂಡತಿ ನೀಲವ್ವ ಹುಣಸೆಯ ಘಾಟಿಗೆ ಮೂಗಿಗೆ ಸೆರಗು ಕಟ್ಟಿಕೊಂಡೇ ನೀರು ತಂದುಕೊಟ್ಟಳು. ಪಾತ್ರೆ ತಿಕ್ಕೋರು ನಾಳೆನೇ ಬರ್ತಾರೋ ನಾಡಿದ್ದೋ ಎಂದು ಕೇಳಿದಳು. ಶೆಟ್ಟರು ಚೊಂಬು ಎತ್ತಿ ನೀರು ಕುಡಿಯತೊಡಗಿದರು.

ನೀಲವ್ವನೇ ಮುಂದುವರಿಸಿದಳು. "ಅಲ್ರೀ, ವಯಸ್ಸಿನಾಗ ಎತ್ತಿನ ದಲಾಲಿ ಮಾಡ್ತಿದ್ರಲ್ಲ. ಎತ್ತು ಹೆಂಗೈತ್ರಿ ಅಂತ ಯಾರರ ಕೇಳಿದ್ರ ಏನಂತಿದ್ರಿ?"

"ಏನಂತೀನಿ? ಎತ್ತಿನ ವಯಸ್ಸು ಹಲ್ಲಿನಾಗ ಇರ್ತೈತಿ. ಮಾರಾಂವ ನಾಕು ಹಲ್ಲು ಅಂತಾನ, ಕೊಳ್ಳಾಂವ ಆರು ಹಲ್ಲು ಅಂತಾನ, ಬಾಯಿ ಬಿಡಿಸಿ ನೋಡ್ಕೋರಿ ಅಂತೀನಿ."

"ಎತ್ತು ಚಲೋ ಐತಿ ಅಂತ ನೀವು ಅಂತಿರ್ಲಿಲ್ಲ?"

"ನಾ ಯಾಕ ಅನ್ಲಿ? ನಾಳೆ ಎತ್ತು ಕುಂಟಿದ್ರ ನನ್ನ ಕೊಳ್ಳಿಗೆ ಬರ್ತೈತಿ."

ಕೊರಳಿಗೆ ಬರುತ್ತದೆ ಎಂದು ತಾವೇ ಆಡಿದ ಮಾತನ್ನು ಶೆಟ್ಟರು ತಾವೇ ಕೇಳಿಸಿಕೊಂಡರು. ನೀರಿನ ಚೊಂಬನ್ನು ಕೆಳಗಿಟ್ಟರು. ಚೊಂಬು ಉರುಳಿಕೊಂಡು ಕೆಳಗಿನ ಕೇರಿಗೆ ಹೋಯಿತು. ಅದನ್ನು ಲೆಕ್ಕಿಸದೆ ಒಳಗೆ ಹೋಗಿ ಒಂದು ಉಂಡೆ ಗೋಣಿದಾರ ತಂದರು.

ಮರುದಿನ ಮಂಟಪಕ್ಕೆ ಮಾನಪ್ಪನನ್ನೂ ಭರಮನನ್ನೂ ಕರೆಸಿದರು. ನಿಮ್ಮ ನಿಮ್ಮ ಮಾತು ನೀವೇ ಹೇಳಿ, ನಾನು ಬರೆಯುತ್ತೇನೆ ಎಂದರು. ಇಬ್ಬರಿಗೂ ಬಲು ಖುಷಿ. ಮಾನಪ್ಪ, ಮೂರು ಲೋಕದಲ್ಲಿ ಇಂಥ ನಾಣ್ಯವಿಲ್ಲ ಎಂದ. ಶೆಟ್ಟರು ಬರೆದು, ಕೊನೆಗೆ 'ಎಂದು ಮಾನಪ್ಪ ಹೇಳುತ್ತಾನೆ' ಎಂದು ಸೇರಿಸಿ, ಆ ವಾಕ್ಯಕ್ಕೆ ದಾರದ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಮಾನಪ್ಪನ ಕೊರಳಿಗೆ ಕಟ್ಟಿದರು. ವಾಕ್ಯದ ಭಾರ ಪುಟವನ್ನು ಬಿಟ್ಟು ದಾರ ಹಿಡಿದು ಹೋಯಿತು. ಮಾನಪ್ಪನ ಗದ್ದ ನೆಲ ಮುಟ್ಟಿತು.

"ಮೂರು ಲೋಕ ನೋಡೀರೇನು ಮಾನಪ್ಪನವರ?" ಎಂದು ಶೆಟ್ಟರು ಸಮಾಧಾನದಿಂದ ಕೇಳಿದರು.

"ಇಲ್ರೀ."

"ಎಷ್ಟು ನೋಡೀರಿ?"

"ಮೂರು ಕೇರಿ," ಎಂದ ಮಾನಪ್ಪ, ನೆಲದಿಂದಲೇ.

ಲೋಕ ಹೋಗಿ ಕೇರಿಯಾಯಿತು. ಗದ್ದ ಮೊಳಕಾಲಿನವರೆಗೆ ಬಂತು. ಇಂಥ ನಾಣ್ಯವೇ ಇಲ್ಲ ಎನ್ನುವುದು ಹೋಗಿ, ತನ್ನ ಅಂಗಡಿಯಲ್ಲಿ ಇದನ್ನು ತೆಗೆದುಕೊಳ್ಳುತ್ತಾರೆ ಎಂದಾಯಿತು. ಗದ್ದ ಎದೆಗೆ ಬಂತು. ಮನೆಯ ಹೆಣ್ಣುಮಕ್ಕಳು ನಾಲ್ಕು ಕಾಸು ಯಾರ ಕಣ್ಣಿಗೂ ಬೀಳದಂತೆ ಕೂಡಿಡಲು ಇದನ್ನು ಕೊಳ್ಳುವುದುಂಟು ಎಂದೂ ಮಾನಪ್ಪ ಹೇಳಿದ. ಅದು ಕಣ್ಣಾರೆ ಕಂಡದ್ದು. ಭಾರವೇ ಆಗಲಿಲ್ಲ. ಮಾನಪ್ಪ ನೆಟ್ಟಗೆ ನಿಂತ.

ಭರಮ ನಗುತ್ತಿದ್ದ. ಅವನ ಕೊರಳಿಗೆ ದಾರ ಬಿದ್ದೊಡನೆ ನಗು ಕೆಳಗೆ ಬಿತ್ತು, ಹಿಂದೆಯೇ ಭರಮನೂ ಬಿದ್ದ. ಇದನ್ನಿಟ್ಟುಕೊಂಡವರೆಲ್ಲ ಕಳ್ಳರು ಎಂಬುದು ಭಾರಿ ವಾಕ್ಯ. ಎಷ್ಟು ಮಂದಿ ಕಳ್ಳರನ್ನು ಹಿಡಿದಿದ್ದೀಯ ಎಂದು ಶೆಟ್ಟರು ಕೇಳಿದರು. ಇಬ್ಬರು ಎಂದ. ಇಬ್ಬರ ಹತ್ತಿರವೂ ಮುಸುಕಿನ ನಾಣ್ಯ ಸಿಕ್ಕಿತೋ ಎಂದರು. ಭರಮ ಬಾಯಿಗೆ ಹೊಕ್ಕ ಮಣ್ಣು ಉಗುಳಿ ಹೇಳಿದ.

"ಒಬ್ಬನ ಹತ್ರ ಸಿಕ್ತು. ಇನ್ನೊಬ್ಬನ ಹತ್ರ ಮೂಲಂಗಿ."

ಒಬ್ಬ ಕಳ್ಳನ ಹತ್ತಿರ ಇದು ಸಿಕ್ಕಿತೆಂದು ತಳವಾರ ಭರಮ ಹೇಳುತ್ತಾನೆ ಎಂದು ಶೆಟ್ಟರು ಬರೆದರು. ಮೂಲಂಗಿಯ ವಿಷಯ ಮೂಲಂಗಿಯ ಪುಟಕ್ಕೆ ಹೋಯಿತು. ಭರಮ ಎದ್ದು ಕೂತು, ಯಾರು ಯಾರಿಗೆ ಕೊಟ್ಟರೆಂದು ಕಾಣದಿದ್ದರೆ ಸುಂಕ ವಸೂಲಿಯಾದರೂ ಹೇಗೆ, ಅದನ್ನೂ ಬರೆಯಿರಿ ಎಂದ. ನ್ಯಾಯವಾದ ಮಾತು. ಬರೆದರು. ಭರಮ ಎದ್ದು ನಿಂತ. ವಲ್ಲಿಯ ಕೆಳಗೆ ಹಿಂಡು ಕೈ ಹೋಗುತ್ತವೆ, ಕೊಡುವ ಕೈ ಯಾವುದೆಂದು ಕಾಣುವುದಿಲ್ಲ ಎಂಬುದನ್ನು ಮಾತ್ರ ಯಾರ ಕೊರಳಿಗೂ ಕಟ್ಟಲಿಲ್ಲ. ಅದು ಯಾರು ಬೇಕಾದರೂ ಬಾಯಿ ಬಿಡಿಸಿ ನೋಡಬಹುದಾದ ಹಲ್ಲು.

ರಾಜ ಬಂದ. ಬಟ್ಟಲು ಬಂತು. ಅಂಚಿನವರೆಗೆ ಸಾರು. ನೀಲವ್ವನೂ ಸೇರಿದಂತೆ ಊರೆಲ್ಲ ಮಂಟಪದ ಸುತ್ತ ನೆರೆದಿತ್ತು.

ಪುಟ ನಿಂತಿತು. ಆದರೆ ಪೂರ್ವದ ಅಂಚಿನಲ್ಲಿ ಒಂದು ತೊಟ್ಟು ಸಾರು ಉಬ್ಬಿಕೊಂಡು, ಬೀಳಲೋ ಬೇಡವೋ ಎಂದು ನಡುಗುತ್ತಿತ್ತು. ಕೂದಲೆಳೆಯಷ್ಟು ವಾಲು ಇನ್ನೂ ಉಳಿದಿತ್ತು. ಪೂರ್ವಕ್ಕೆ, ಅಂದರೆ ಹೊಗಳಿಕೆಯ ಕಡೆಗೆ. ಶೆಟ್ಟರು ಒಂದೊಂದೇ ಮಾತನ್ನು ಮುಟ್ಟಿ ಮುಟ್ಟಿ ನೋಡಿದರು. ಎಲ್ಲವೂ ಹಗುರವಾಗಿದ್ದವು.

ಆಗ ಪುಟವೇ ಬಾಯಿಬಿಟ್ಟಿತು, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ. "ಶೆಟ್ಟರ, ಭಾರ ಇರೋದು ನನ್ನ ಮ್ಯಾಲಲ್ಲ. ನಿಮ್ಮ ನಡದಾಗ ಐತಿ."

ಶೆಟ್ಟರ ನಡುವಿನಲ್ಲಿ ಎಲೆಯಡಿಕೆಯ ಚಂಚಿ. ಚಂಚಿಯ ತಳದಲ್ಲಿ ಏಳು ಮುಸುಕಿನ ನಾಣ್ಯ. ಅವು ಅಲ್ಲಿರುವುದು ಲೋಕದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಕೊಟ್ಟ ಮಾನಪ್ಪನಿಗೂ ಯಾರಿಗೆ ಕೊಟ್ಟೆನೆಂದು ಗೊತ್ತಿಲ್ಲ, ನಾಣ್ಯಗಳಿಗೂ ನೆನಪಿಲ್ಲ. ಆ ನಾಣ್ಯದ ಗುಣವೇ ಅದು.

ಶೆಟ್ಟರು ಮೆಲ್ಲಗೆ ಪಶ್ಚಿಮದ ಕಡೆಗೆ ಸರಿದು ನಿಂತು ನೋಡಿದರು. ವಾಲು ಕದಲಲಿಲ್ಲ. ಚಂಚಿಯನ್ನು ನೀಲವ್ವನ ಕೈಗೆ ದಾಟಿಸಿ ನೋಡಿದರು. ವಾಲು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ, ಗಂಡನ ನಡುವಿನಲ್ಲಿದ್ದರೂ ಹೆಂಡತಿಯ ಕೈಯಲ್ಲಿದ್ದರೂ ಪುಟಕ್ಕೆ ಎರಡೂ ಒಂದೇ. ಸಾರಿನ ತೊಟ್ಟು ಇನ್ನಷ್ಟು ಉಬ್ಬಿತು.

ವಲ್ಲಿ ಎತ್ತಿ ಗುಟ್ಟು ತೋರಿಸಿದ ದಲಾಲಿಗೆ ಸಂತೆಯಲ್ಲಿ ಕುಡಿಯುವ ನೀರೂ ಹುಟ್ಟುವುದಿಲ್ಲ. ಶೆಟ್ಟರು ಬೆಳೆದದ್ದೇ ಆ ಮಾತಿನ ಮೇಲೆ. ಆದರೆ ಏಳು ನಾಣ್ಯದ ಗುಟ್ಟಿಗೆ ಮುನ್ನೂರು ಚೀಲ ತೆರುವ ವ್ಯಾಪಾರಿ ಇನ್ನೂ ಯಾವ ತಾಯಿಯ ಹೊಟ್ಟೆಯಲ್ಲೂ ಹುಟ್ಟಿಲ್ಲ. ಅವರು ಹೆಚ್ಚು ಹೊತ್ತು ಯೋಚಿಸಲಿಲ್ಲ. ಲೇಖನಿ ತೆಗೆದು ಪುಟದ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದರು: ಇದನ್ನು ಬರೆದು ಹೊಂದಿಸಿದ ಅಡಿವೆಪ್ಪನ ಚಂಚಿಯಲ್ಲಿ ಇಂಥ ಏಳು ನಾಣ್ಯ ಇವೆ. ಓದುವವರು ಅದನ್ನು ತಿಳಿದು ಓದಿ.

ಅಂಚಿನ ತೊಟ್ಟು ಹಿಂದಕ್ಕೆ ಸರಿದು ಬಟ್ಟಲಿಗೆ ಸೇರಿಕೊಂಡಿತು.

ರಾಜ ಉಂಡ. ತೊಡೆ ಒಣಗಿತ್ತು. ಎರಡನೆಯ ಬಟ್ಟಲನ್ನೂ ಕೇಳಿ ಹಾಕಿಸಿಕೊಂಡ. ಪುಟವನ್ನು ತುದಿಯಿಂದ ತುದಿಗೆ ಓದಿ ಮುಗಿಸಿ, ಬೆರಳು ನೆಕ್ಕಿಕೊಂಡು ಹುಬ್ಬು ಗಂಟಿಕ್ಕಿದ.

"ಎಲ್ಲ ಸರಿ ಶೆಟ್ಟರೇ. ಈ ನಾಣ್ಯ ಒಳ್ಳೆಯದೋ ಕೆಟ್ಟದ್ದೋ ಅನ್ನೋದೇ ತಿಳಿಯಲಿಲ್ಲವಲ್ಲ?"

"ಅದು ಪುಟದ ಕೆಲಸ ಅಲ್ಲ ದೊರೀ. ಪುಟ ಬಾಯಿ ಬಿಡಿಸಿ ತೋರಸ್ತೈತಿ. ಹಲ್ಲು ಎಣಿಸ್ಕೊಳ್ಳೋದು ಕೊಳ್ಳಾವನ ಕೆಲಸ."

ಅವತ್ತೇ ಊರಿನ ಎಲ್ಲ ಒಲೆಗಳ ಮೇಲೂ ಸಾರು ಕುದಿಯಿತು. ಗುತ್ತಿಗೆಯ ದರ ಗೊತ್ತುಮಾಡಲು ರಾಜನೂ ಶೆಟ್ಟರೂ ಎದುರುಬದುರು ಕೂತರು. ಶೆಟ್ಟರು ಹೆಗಲ ವಲ್ಲಿ ತೆಗೆದು ಇಬ್ಬರ ಕೈಮೇಲೂ ಹಾಸಿದರು. ವಲ್ಲಿಯೊಳಗೆ ಬೆರಳು ಆಡಿದವು. ರಾಜನ ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. ವ್ಯಾಪಾರ ಕುದುರಿತು. ಮಾನಪ್ಪನಿಗೆ ತಡೆಯಲಿಲ್ಲ. ಚಂಚಿಯಲ್ಲಿದ್ದದ್ದನ್ನು ಊರಿಗೆಲ್ಲ ತೋರಿಸಿದವರು ಈ ದರ ಯಾಕೆ ಮುಚ್ಚುತ್ತೀರಿ ಎಂದು ಕೇಳಿಯೇಬಿಟ್ಟ.

"ಚಂಚ್ಯಾಗಿಂದು ಬರಿಯೋವಾಗ ಪುಟಕ್ಕ ಭಾರ ಆಗಿತ್ತು, ಹೇಳಿದೆ," ಎಂದರು ಶೆಟ್ಟರು, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ಈ ದರ ಯಾರ ಸಾರೂ ಚೆಲ್ಲಂಗಿಲ್ಲ."

ಇದರ ನೀತಿ ಏನೆಂದರೆ, ಗುಟ್ಟು ಎಷ್ಟಾದರೂ ಇರಲಿ, ಲೇಖನಿ ಹಿಡಿಯುವ ಮುಂಚೆ ಚಂಚಿ ಕೊಡವಿ ತೋರಿಸಿ. ನೀತಿ ಬೇಡದವರು ಸಾರು ಉಂಡು ಮಲಗಿ, ಮಂಚದ ಉದ್ದ ಕಾಲು ಯಾವ ಕಡೆಗಿದೆ ನೋಡಿಕೊಳ್ಳಿ.

ಹುಳಿ ಕರಗಿತು, ಕತೆ ಕುದಿಯಿತು, ಇನ್ನು ಇಳಿಸುವ ಹೊತ್ತು. ಒಟ್ಟು ಗಳಿಕೆಯ ಲೆಕ್ಕ ಹೀಗೆ: ರಾಜನಿಗೆ ಎರಡು ಬಟ್ಟಲು ಸಾರು, ತೊಟ್ಟೂ ಚೆಲ್ಲದ್ದು. ಮಾನಪ್ಪನಿಗೆ ನೆಟ್ಟಗಿನ ಕೊರಳು. ಭರಮನಿಗೆ ಒಂದು ಮೂಲಂಗಿ. ನೀಲವ್ವನಿಗೆ ಮೂಗಿನ ಸೆರಗಿನಿಂದ ಬಿಡುಗಡೆ. ಪುಟಕ್ಕೆ ಮೈತುಂಬ ಅಕ್ಷರ, ಒಂದೂ ಭಾರವಿಲ್ಲ. ಅಡಿವೆಪ್ಪ ಶೆಟ್ಟರಿಗೆ ಏಳಕ್ಕೆ ಏಳು ನಾಣ್ಯ, ಖಾಲಿ ಗೋದಾಮು, ಒಂದು ವರ್ಷದ ಗುತ್ತಿಗೆ. ಅದು ಚೀಲಕ್ಕೆ ಎಷ್ಟರಂತೆ ಎಂದಿರೋ? ಕೈ ತನ್ನಿ ಇಲ್ಲಿ, ವಲ್ಲಿಯ ಕೆಳಗೆ.