ಐಗಳ ಕಣ್ಣಿಗೆ ಬೀಳದ ನೀಲಿ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಕಡ್ಲಿಹಾಳ ಅಂತ ಒಂದೂರು. ಆಗ ಪಾಠ ಹೇಳುವವರನ್ನು ಐಗಳು ಅನ್ನುತ್ತಿದ್ದರು. ಆ ಊರಲ್ಲಿ ಗುರುಶಾಂತಯ್ಯ ಐಗಳು ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರಂತೆ. ಕಲಿತವರ ಮದುವೆಯಾಗಲಿ, ತೊಟ್ಟಿಲಾಗಲಿ, ಹೋಗಿ ನಿಂತು, ಇವನು ಮೊದಲ ದಿನ ಹೇಗೆ ಅತ್ತ, ಇವಳು ‘ಳ’ ಬರೆಯಲು ಎಷ್ಟು ಒದ್ದಾಡಿದಳು ಎಂದು ಬಣ್ಣಿಸಿ ಹೇಳುತ್ತಿದ್ದರಂತೆ. ಐಗಳು ಬಾಯಿ ಬಿಡದೆ ಹಂದರದಲ್ಲಿ ಅಕ್ಕಿಕಾಳು ಬೀಳುತ್ತಿರಲಿಲ್ಲ ಅಂತಾರೆ. ಅದೆಷ್ಟು ನಿಜವೋ, ನನ್ನನ್ನು ಕೇಳಬೇಡಿ.

ಒಂದು ವರ್ಷ ಜ್ವರ ಬಂದು ಕುಂಬಾರರ ಹಾಲವ್ವನ ಮಗಳು ನೀಲಿ ತೀರಿಕೊಂಡಳು. ಎಂಟು ವರ್ಷದ ಕೂಸು. ಹಾಲವ್ವ ಐಗಳ ಹತ್ತಿರ ಬಂದು, “ಅಕಿ ಮದುವಿ ಅಂತೂ ಆಗಲಿಲ್ರಿ. ಅಕಿ ಕಥಿ ನನಗ ಈಗ ಹೇಳಿಬಿಡ್ರಿ” ಅಂದಳಂತೆ.

ಐಗಳಿಗೆ ನೀಲಿಯ ಮುಖವೇ ಸರಿಯಾಗಿ ನೆನಪಿಗೆ ಬರಲಿಲ್ಲ. ತಮ್ಮ ಹೆಸರು ಕೆಟ್ಟೀತೆಂದು, ಬಲಗೈ ಬೆರಳೂರಿ ಅವಳು ಎಷ್ಟು ದುಂಡಗೆ ಬರೆಯುತ್ತಿದ್ದಳು ಎಂದು ಏನೋ ಹೊಂದಿಸಿ ಹೇಳಿದರು. ಹಾಲವ್ವ ಎದ್ದು ನಿಂತಳು. “ನನ್ನ ಮಗಳು ಎಡಚಿ ಇದ್ಲು, ಅಯ್ಯಾರ” ಅಂದವಳೇ ಹೊರಟುಹೋದಳು.

ಅವತ್ತಿನಿಂದ ಐಗಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪಾಠದ ನಡುವೆ ಎದ್ದು ಹೋಗುವರಂತೆ. ಹೊಲ, ಬಾವಿಕಟ್ಟೆ, ಓಣಿ ತಿರುಗಿ, ಸಿಕ್ಕ ಮಕ್ಕಳನ್ನೆಲ್ಲ ನೀಲಿ ಹೇಗಿದ್ದಳೆಂದು ಕೇಳುವರಂತೆ. ಊಟ ಸೇರಲಿಲ್ಲ. ಮಕ್ಕಳೋ, ಐಗಳನ್ನು ಕಂಡರೆ ಓಡುತ್ತಿದ್ದವು. ಕಡೆಗೆ ಐಗಳ ಕೈಯಲ್ಲಿ ಬೆತ್ತವಿಲ್ಲದ ಒಂದು ದಿನ, ನೀಲಿಯ ಪಕ್ಕ ಕೂರುತ್ತಿದ್ದ ಸಾಂತವ್ವ ಬಾಯಿ ಬಿಟ್ಟಳು. ಎಡಗೈಲಿ ಬರೆದರೆ ಐಗಳು ಬಾರಿಸುತ್ತಾರೆಂದು ನೀಲಿ ಹಿಂದಿನ ಮೂಲೆ ಹಿಡಿದಿದ್ದಳಂತೆ. ಅವರು ಬೆನ್ನು ತಿರುಗಿಸಿದಾಗ ಬರೆದು, ಇತ್ತ ನೋಡುವಷ್ಟರಲ್ಲಿ ಅಳಿಸಿಬಿಡುತ್ತಿದ್ದಳಂತೆ. ಎಲ್ಲರಿಗಿಂತ ಚೆಂದ ಬರೆಯುತ್ತಿದ್ದವಳು ಅವಳೇ ಅಂತೆ.

ಐಗಳು ನೆಟ್ಟಗೆ ಹಾಲವ್ವನ ಮನೆಗೆ ಹೋದರು. ಓಣಿಯವರೆಲ್ಲ ಕೇಳುವಂತೆ, ತಮ್ಮ ಬೆತ್ತದ ಮಾತನ್ನೂ ಮುಚ್ಚಿಡದೆ ಹೇಳಿದರು. ಹಾಲವ್ವ ಬೈಯಲಿಲ್ಲ, ಹೋಗಲಿ ಬಿಡ್ರಿ ಅಂತಲೂ ಅನ್ನಲಿಲ್ಲ. “ಇನ್ನೊಮ್ಮೆ ಹೇಳ್ರಿ” ಅಂದಳು. ಅವಳು ಬದುಕಿರುವ ತನಕ ಪ್ರತಿ ಸೋಮವಾರ ಹೋಗಿ ಹೇಳಿದರಂತೆ.

ಈಗಲೂ ಕಡ್ಲಿಹಾಳದ ಶಾಲೆಯಲ್ಲಿ ಸಂಜೆ ಗಂಟೆ ಹೊಡೆಯುವ ಮೊದಲು ಮಾಸ್ತರರು ಹಿಂದಿನ ಸಾಲಿನಿಂದ ಶುರುಮಾಡಿ, ಒಂದೊಂದು ಮಗುವಿನಲ್ಲಿ ಅವತ್ತು ಕಂಡದ್ದನ್ನು ಹೇಳುತ್ತಾರೆ. ಯಾವ ಮಗುವಿನ ಬಗ್ಗೆಯಾದರೂ ಹೇಳಲು ಏನೂ ಇಲ್ಲದಿದ್ದರೆ ಗಂಟೆ ಹೊಡೆಯುವ ಹಾಗಿಲ್ಲ. ಮಾಸ್ತರರು ಹೋಗಿ ಆ ಮಗುವಿನ ಪಕ್ಕ ಕೂರುತ್ತಾರೆ.